ಫಿನಾಯಿಲ್ ಬಿಟ್ಟೆ, ಭಟ್ಟರಿಗೆ ರಜೆ ಕೊಟ್ಟೆ

ಮಂಗಳೂರಿನಲ್ಲಿ ನನ್ನದು ಹುಡುಗರ ಹಾಸ್ಟೆಲ್. ಮೂರು ಮಹಡಿ, ಸುಮಾರು 170 ಹುಡುಗರು, ಕೆಳಗೆ ಮೆಸ್. ಎರಡು ವರ್ಷದಿಂದ ಒಬ್ಬಿಬ್ಬರಿಗೆ ವಾಂತಿಭೇದಿ ಬಂದದ್ದುಂಟು, ಆದರೆ ಅಲ್ಲಿಗೇ ನಿಂತಿದೆ. "ಆ ಬ್ಲೀಚ್ ವಾಸನೆಗೆ ಹುಡುಗರೇ ಓಡಿಹೋಗ್ತಾರೆ ನೋಡಿ" ಎಂದು ನಕ್ಕಿದ್ದ ಪಕ್ಕದ ಬೀದಿಯ ಹಾಸ್ಟೆಲ್‌ನವರು ಹೋದ ತಿಂಗಳು ತಾವೇ ಫೋನ್ ಮಾಡಿ ಬ್ಲೀಚ್ ಬೆರೆಸುವ ಅಳತೆ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

2022ರ ಡಿಸೆಂಬರ್. ಶನಿವಾರ ರಾತ್ರಿ ಊಟದ ಹಾಲ್‌ನಲ್ಲೇ ಒಬ್ಬ ಹುಡುಗ ವಾಂತಿ ಮಾಡಿಕೊಂಡ, ತಟ್ಟೆ ಜೋಡಿಸಿಡುವ ಮೇಜಿನ ಪಕ್ಕದಲ್ಲೇ. ನಮ್ಮವರು ಫಿನಾಯಿಲ್ ಹಾಕಿ ಒರೆಸಿದರು. ಅದೇ ಮಾಪ್ ಹಿಡಿದು ಮೇಲಿನ ಮಹಡಿಗಳನ್ನೂ ಒರೆಸಿದರು. ಸೋಮವಾರ ಬೆಳಗ್ಗೆ ನೋಡಿದರೆ ಮೂವತ್ತೋ ಮೂವತ್ತೈದೋ ಹುಡುಗರು ಮಲಗಿದ್ದಾರೆ. ಎಲ್ಲರೂ ಬೈದದ್ದು ಭಾನುವಾರದ ಕೋಳಿ ಸುಕ್ಕವನ್ನು. ಕೋಳಿ ಮುಟ್ಟದ ಹುಡುಗರೂ ಮಲಗಿದ್ದರಲ್ಲ, ಅದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಟ್ಯಾಂಕ್ ತೊಳೆಸಿದೆ, ಅಕ್ಕಿ ಮೂಟೆ ಬದಲಾಯಿಸಿದೆ, ನಾಲ್ಕು ದಿನ ಮೆಸ್ ಮುಚ್ಚಿದೆ. ವಾಪಸ್ ಕೊಟ್ಟ ಫೀಸು, ಗ್ಲೂಕೋಸ್ ಬಾಟಲಿ, ಆಟೋ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಕೈಬಿಟ್ಟಿತು.

ಒಬ್ಬ ಹುಡುಗನ ಅಪ್ಪ ಡಾಕ್ಟರು. ಅವರೇ ಹಟ ಹಿಡಿದು ಮಲದ ಸ್ಯಾಂಪಲ್ ಲ್ಯಾಬಿಗೆ ಕಳಿಸಿದರು. ನೊರೊವೈರಸ್ ಎಂದು ಬಂತು, ವಾಂತಿ ಭೇದಿಯಿಂದ ಒಬ್ಬರಿಂದೊಬ್ಬರಿಗೆ ಹರಡುವ ವೈರಸ್. ಹೆಸರು ಹೊಸದಲ್ಲ. 2021ರ ನವೆಂಬರ್‌ನಲ್ಲಿ ವಯನಾಡಿನ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಬಂದಿದೆ ಎಂಬ ಸುದ್ದಿ ಬಂದಾಗ ನಮ್ಮಲ್ಲಿನ ಕೇರಳದ ಹುಡುಗರು ಮಾತಾಡಿಕೊಂಡಿದ್ದರು.

ಮೊದಲು ಮಾಡಿದ್ದು ದಡ್ಡ ಕೆಲಸ. ಕೊರೊನಾ ಕಾಲದ ಸ್ಯಾನಿಟೈಸರ್ ಮೂರು ಕ್ಯಾನ್ ಉಳಿದಿತ್ತು. ಮೆಸ್ ಬಾಗಿಲಲ್ಲಿ ಇಟ್ಟು ಹಾಯಾಗಿದ್ದೆ. ಕೊರೊನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್‌ಗೆ ಅದು ಕರಗುತ್ತದೆ. ನೊರೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಸೋಪು ಹಾಕಿ ಉಜ್ಜಿ, ಹರಿಯುವ ನೀರಲ್ಲಿ ತೊಳೆದೇ ಕಳಿಸಬೇಕು. ಈಗ ಕ್ಯಾನ್ ಇದ್ದ ಜಾಗದಲ್ಲಿ ಬೇಸಿನ್ ಇದೆ.

ಆಮೇಲೆ ಬ್ಲೀಚಿಂಗ್ ಪೌಡರ್. ಅಗ್ಗಕ್ಕೆ ಸಿಕ್ಕಿತೆಂದು 25 ಕಿಲೋ ಚೀಲ ತಂದೆ. ಜೂನ್ ಮಳೆಗೆ ಉಂಡೆ ಕಟ್ಟಿತು. ವಾಸನೆ ಇತ್ತು, ಕಸುವು ಇರಲಿಲ್ಲ. ಕ್ಲೋರಿನ್ ನೋಡುವ ಪಟ್ಟಿ ಅದ್ದಿದರೆ ಬಣ್ಣವೇ ಏರಲಿಲ್ಲ. ಅದನ್ನೇ ವಾಂತಿಯ ಮೇಲೆ ಸುರಿಯುತ್ತಿದ್ದೆವು, ಅದೂ ತಪ್ಪು. ಕೊಳೆಯೇ ಕ್ಲೋರಿನ್ನನ್ನು ತಿಂದುಬಿಡುತ್ತದೆ. ಇನ್ನೊಂದು ದಿನ ನಮ್ಮ ಕೆಲಸದ ಹುಡುಗ ಟಾಯ್ಲೆಟ್ ಆಸಿಡ್ ಜೊತೆ ಅದನ್ನು ಬೆರೆಸಿದ. ಗ್ಯಾಸ್ ಎದ್ದು ಕೆಮ್ಮಿ ಕೆಮ್ಮಿ ಅರ್ಧ ದಿನ ಆಸ್ಪತ್ರೆಯಲ್ಲಿ. ಆಸಿಡ್ ಬಾಟಲಿ ಅಂದಿನಿಂದ ಬೇರೆ ಕೋಣೆಯಲ್ಲಿ, ಬೀಗದೊಳಗೆ.

ಈಗ ಪೌಡರ್ ಬಿಟ್ಟು ಶೇಕಡಾ 5ರ ಹೈಪೋಕ್ಲೋರೈಟ್ ದ್ರವ (ದ್ರವರೂಪದ ಬ್ಲೀಚ್) ತರುತ್ತೇನೆ, ಸಣ್ಣ ಕ್ಯಾನ್‌ನಲ್ಲಿ, ತಾರೀಕು ನೋಡಿ. ವಾಂತಿ ಆದ ಕೂಡಲೇ ಮೇಲೆ ಪೇಪರ್ ಹಾಸಿ, ಗ್ಲೌಸ್ ಮಾಸ್ಕ್ ಹಾಕಿ ಪೂರಾ ಬಳಿದು ತೆಗೆಯಬೇಕು. ಆಮೇಲೆ 900 ಮಿಲಿ ನೀರಿಗೆ 100 ಮಿಲಿ ದ್ರವ ಬೆರೆಸಿ ಸುರಿದು ಹತ್ತು ನಿಮಿಷ ಬಿಡಬೇಕು. ನಲ್ಲಿ, ಚಿಲಕ, ಸ್ವಿಚ್‌ಗೆ ಲೀಟರಿಗೆ 20 ಮಿಲಿ ಸಾಕು, ಬಟ್ಟೆ ಅದ್ದಿ ಒರೆಸುವುದು. ಸ್ಟೀಲ್ ಇದ್ದರೆ ಕೊನೆಗೆ ಬರೀ ನೀರಲ್ಲಿ ಒರೆಸಿ, ಇಲ್ಲದಿದ್ದರೆ ತುಕ್ಕು. ದಿನಾ ಹೊಸದಾಗಿ ಬೆರೆಸಿ. ಎಷ್ಟು ದೂರದವರೆಗೆ ಒರೆಸಬೇಕು? ಬ್ರಿಟನ್ನಿನ ಲ್ಯಾಬ್ ಒಂದರಲ್ಲಿ ವಾಂತಿ ಮಾಡುವ ಬೊಂಬೆ ಇಟ್ಟು ನೋಡಿದಾಗ ಹನಿಗಳು 3 ಮೀಟರ್ ಆಚೆಗೂ ಹಾರಿದ್ದವಂತೆ. ನಾನು ನಾಲ್ಕು ಹೆಜ್ಜೆ ಲೆಕ್ಕ ಇಟ್ಟಿದ್ದೇನೆ. ಅದರೊಳಗಿನ ತಟ್ಟೆ ಲೋಟ ಎಲ್ಲ ಮತ್ತೆ ತೊಳೆಯಬೇಕು. ತಿಂಗಳಿಗೆ ಒಂಬೈನೂರರಿಂದ ಸಾವಿರ ರೂಪಾಯಿ ಖರ್ಚು, ಅಷ್ಟೇ.

ಇಷ್ಟಾದ ಮೇಲೂ 2023ರ ಆಗಸ್ಟ್‌ನಲ್ಲಿ 14 ಹುಡುಗರು ಮಲಗಿದರು. ಈ ಸಲ ಮೂಲ ನಮ್ಮ ಭಟ್ಟರು. ಎರಡು ದಿನದಿಂದ ಭೇದಿ ಆಗುತ್ತಿದ್ದರೂ ಬಾಯಿಬಿಟ್ಟಿರಲಿಲ್ಲ. ಸಾಂಬಾರು ಕುದಿಯುತ್ತದೆ, ತೊಂದರೆ ಇಲ್ಲ. ಕೋಸಂಬರಿ ಕಲಸಿದ್ದು ಅವರದೇ ಕೈ. ಕೇಳಿದರೆ, "ರಜೆ ಹಾಕಿದ್ರೆ ದಿನಕ್ಕೆ 750 ಹೋಗ್ತದಲ್ಲ ಸ್ವಾಮಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಅಂದೇ ನಿಯಮ ಮಾಡಿದೆ. ವಾಂತಿ, ಭೇದಿ ಇದ್ದರೆ ಮನೆಗೆ. ನಿಂತ ಮೇಲೂ ಪೂರ್ತಿ 48 ಗಂಟೆ ಬರುವಂತಿಲ್ಲ. ಸಂಬಳ ಪೂರ್ತಿ. "ಹಾಗಾದ್ರೆ ವಾರಕ್ಕೊಮ್ಮೆ ಎಲ್ಲರಿಗೂ ಭೇದಿ ಶುರುವಾಗ್ತದೆ" ಎಂದು ಎಷ್ಟು ಜನ ನಕ್ಕರೋ. ಮೊದಲ ವರ್ಷ ಒಟ್ಟು ಹೋದದ್ದು ಹತ್ತೊಂಬತ್ತೋ ಇಪ್ಪತ್ತೋ ದಿನ, 15 ಸಾವಿರದ ಒಳಗೆ. ಸುಳ್ಳು ಭೇದಿಯನ್ನು ಹೇಗೆ ಹಿಡಿಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ಭಟ್ಟರೂ ಮೊಬೈಲ್ ನೋಡುತ್ತಾರೆ. ವಾಪಸ್ ಬಂದವರಿಗೆ ಎರಡು ವಾರ ಒಲೆಯ ಕೆಲಸ ಮಾತ್ರ, ಚಟ್ನಿ, ಕೋಸಂಬರಿ, ಬಡಿಸುವುದು ಇಲ್ಲ. ಹುಷಾರಾದ ಮೇಲೂ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ.

ನಡುವೆ ಒಂದು ಆಟವನ್ನೂ ಆಡಿದೆ. ಬಟ್ಟೆ ಬೆಳ್ಳಗೆ ಮಾಡುವ ಪುಡಿ ಖೋಟಾ ನೋಟು ನೋಡುವ ಟಾರ್ಚಿಗೆ ಹೊಳೆಯುತ್ತದೆ, ಗೊತ್ತಲ್ವಾ? ರಾತ್ರಿ ಅಡುಗೆಮನೆ ಮುಚ್ಚುವ ಹೊತ್ತಿಗೆ ಫ್ರಿಜ್ಜಿನ ಹಿಡಿಗೆ ಸ್ವಲ್ಪ ಸವರಿದೆ. ಅರ್ಧ ಗಂಟೆ ಬಿಟ್ಟು ಲೈಟ್ ಆರಿಸಿ ಟಾರ್ಚ್ ಹಾಕಿದರೆ ಸ್ವಿಚ್ಚು, ನಲ್ಲಿ, ಉಪ್ಪಿನ ಡಬ್ಬದ ಮುಚ್ಚಳ, ಭಟ್ಟರ ಫೋನು, ಕೊನೆಗೆ ನನ್ನ ಅಂಗಿ ಜೇಬು ಕೂಡ ನೀಲಿ ನೀಲಿ. ನೂರು ಸಲ ಹೇಳಿದರೂ ಕೈ ತೊಳೆಯದವರು ಆ ರಾತ್ರಿ ಕ್ಯೂ ನಿಂತು ತೊಳೆದರು. ಡಬ್ಬಗಳನ್ನೆಲ್ಲ ಆಮೇಲೆ ತೊಳೆಸಿದೆ, ಅದು ಬೇರೆ ಕೆಲಸ.

ಮರುವಾಯಿ (ಚಿಪ್ಪುಮೀನು) ಮಾಡುವವರಿಗೆ ಒಂದು ಮಾತು. ಚಿಪ್ಪು ಬಾಯಿಬಿಟ್ಟ ಕೂಡಲೇ ಇಳಿಸಬೇಡಿ. ಹೊಳೆಯ ಕೊಳಕು ನೀರಿನ ವೈರಸ್ಸನ್ನು ಅದು ಸೋಸಿ ಒಳಗೇ ಇಟ್ಟುಕೊಂಡಿರುತ್ತದೆ, ಸ್ವಲ್ಪ ಹೊತ್ತಿನ ಹಬೆಗೆ ಆ ವೈರಸ್ ಸಾಯುವುದಿಲ್ಲ. ಚೆನ್ನಾಗಿ ಕುದಿಸಿ.

ಪಕ್ಕದ ಬೀದಿಯವರಿಗೆ ಬ್ಲೀಚ್ ಅಳತೆ ಪೂರ್ತಿ ಹೇಳಿದೆ, ಬರೆದುಕೊಂಡರು. ಸಂಬಳ ಸಹಿತ ರಜೆಯ ಮಾತು ತೆಗೆದೆ. "ಅದೆಲ್ಲ ನಮ್ಗೆ ಆಗ್ಲಿಕ್ಕಿಲ್ಲ ಮಾರಾಯ್ರೆ" ಎಂದು ಫೋನ್ ಇಟ್ಟರು.