ಲ್ಯಾಂಡ್‌ಲೈನ್‌ಗೆ ಬರುವ ಕಳ್ಳ ಕರೆ: ರಿಸೀವರ್ ಇಡಲು ಹಿಂಜರಿಯಬೇಡಿ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಲ್ಯಾಂಡ್‌ಲೈನ್ ಇದೆ. ಕೆಲವರು ಇಂಟರ್ನೆಟ್ ಸಲುವಾಗಿ ಇಟ್ಟುಕೊಂಡಿದ್ದಾರೆ, ಕೆಲವರು ಹಳೇ ನಂಬರ್ ಬಿಡಲು ಮನಸ್ಸಾಗದೆ. ಹಗಲು ಹೊತ್ತಲ್ಲಿ ಅದನ್ನು ಎತ್ತುವವರು ಯಾರು? ಮನೆಯಲ್ಲಿರುವ ಹಿರಿಯರು. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಇರುತ್ತಾರೆ, ರೈಲ್ವೆಯಿಂದಲೋ ಶಾಲೆಯಿಂದಲೋ ರಿಟೈರ್ ಆದವರು ಪೆನ್ಷನ್ ಮೇಲೆ ಇಲ್ಲೇ ಇರುತ್ತಾರೆ. ಮೋಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ವಾರಿಗೆಯವರಿಗೆ ನಾಲ್ಕು ಮಾತು ಹೇಳಬೇಕು ಅನಿಸಿದೆ.

ಎಲ್ಲಕ್ಕಿಂತ ಮೊದಲು, ಮಾತಿನ ನಡುವೆ ಫೋನ್ ಇಡುವುದು ಮರ್ಯಾದೆಗೇಡಿನ ಕೆಲಸ ಅಲ್ಲ. ನಮ್ಮ ಕಡೆ ಯಾರೇ ಬಂದರೂ ಬರ್ರಿ, ಕೂಡ್ರಿ, ಚಹಾ ಕುಡೀರಿ ಅಂತೀವಿ. ಫೋನಲ್ಲೂ ಅದೇ ರೂಢಿ. ಆ ಕಡೆಯವನು ಮುಗಿಸುವ ತನಕ ಕೇಳಿಸಿಕೊಳ್ಳುತ್ತೇವೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇವೆ, ಪಾಪ ಹುಡುಗ ಅಷ್ಟೊತ್ತಿಂದ ಹೇಳ್ತಿದ್ದಾನೆ ಅಂತ ಸುಮ್ನೆ ಹೂಂಗುಟ್ಟುತ್ತೇವೆ. ಮೋಸದ ಕರೆ ನಡೆಯುವುದೇ ಈ ಒಳ್ಳೆತನದ ಮೇಲೆ. ಗುರುತಿಲ್ಲದವನು ದುಡ್ಡಿನ ಮಾತು ಎತ್ತಿದ ಅಂದರೆ, ನೀವು "ಬೇಡ" ಅಂತಲೂ ಹೇಳಬೇಕಾಗಿಲ್ಲ, ಇಟ್ಟುಬಿಡಿ.

ಇನ್ನೊಂದು ವಿಷಯ ತುಂಬ ಜನರಿಗೆ ಹೊಳೆದಿರುವುದಿಲ್ಲ. ಲ್ಯಾಂಡ್‌ಲೈನ್‌ನಿಂದ ಮಾತ್ರ ಕಳ್ಳನಿಗೆ ಹೆಚ್ಚೇನೂ ಸಿಗುವುದಿಲ್ಲ. ಬ್ಯಾಂಕಿನ ಓಟಿಪಿ ಬರುವುದು ಮೊಬೈಲಿಗೆ. ವಾಟ್ಸ್ಯಾಪ್ ಇರುವುದು ಮೊಬೈಲಲ್ಲಿ. ಹಾಗಾಗಿ ಅವನ ಮಾತೆಲ್ಲ ನಿಮ್ಮನ್ನು ಮೊಬೈಲಿಗೆ ಎಳೆಯುವುದಕ್ಕೇ. ಮಾತು ಹೀಗೆ ನಡೆಯುತ್ತದೆ ನೋಡಿ:

"ನಮಸ್ಕಾರ ಸರ್, ಬ್ಯಾಂಕಿನಿಂದ ಮಾತಾಡ್ತಿದ್ದೇನೆ. ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಇವತ್ತು ಮಾಡದಿದ್ದರೆ ಪೆನ್ಷನ್ ನಿಲ್ಲುತ್ತೆ. ಮನೇಲಿ ಯಾರಿದ್ದಾರೆ ಸರ್? ಒಬ್ಬರೇನಾ? ಪರವಾಗಿಲ್ಲ, ಮೊಬೈಲ್ ಹತ್ರ ಇದೆಯಾ? ಅದರ ನಂಬರ್ ಹೇಳಿ, ಒಂದು ಮೆಸೇಜ್ ಕಳಿಸ್ತೀನಿ."

ನಿಮ್ಮ ಪೆನ್ಷನ್ ಹೋಗುವ ಬ್ಯಾಂಕಿನ ಹತ್ತಿರ ನಿಮ್ಮ ಮೊಬೈಲ್ ನಂಬರ್ ಇಲ್ಲವಾ? ಇದ್ದೇ ಇದೆ ಅಲ್ವಾ? ಮತ್ತೆ ಇವನಿಗೆ ಯಾಕೆ ಬೇಕು? ನಿಮ್ಮದೂ ಕೊಡಬೇಡಿ, ಮಗಂದೂ ಕೊಡಬೇಡಿ, ಸೊಸೆದೂ ಕೊಡಬೇಡಿ. "ಒಬ್ಬರೇ ಇದ್ದೀರಾ" ಅಂತ ಕೇಳಿದರೆ ಯಾವತ್ತೂ ಹೌದು ಅನ್ನಬಾರದು. ಮನೆ ಖಾಲಿ ಇದೆಯಾ, ಯಾವ ಹೊತ್ತಲ್ಲಿ ಯಾರು ಇರ್ತಾರೆ ಅಂತ ತಿಳಿಯಲು ಕರೆ ಮಾಡುವವರೂ ಇರುತ್ತಾರೆ. ಮನೆಗೆಲಸಕ್ಕೆ ಬರುವವರಿಗೂ ಮೊಮ್ಮಕ್ಕಳಿಗೂ ಇದನ್ನು ಹೇಳಿಡಿ, ಅವರೂ ಫೋನ್ ಎತ್ತುತ್ತಾರೆ.

ಹೆಸರು, ಓಣಿ, ಮನೆ ನಂಬರ್ ಎಲ್ಲ ಸರಿಯಾಗಿ ಹೇಳಿದ ಅಂತ ನಂಬಿಬಿಡುವವರು ಜಾಸ್ತಿ. ಹಿಂದೆ ಟೆಲಿಫೋನ್ ಡೈರೆಕ್ಟರಿಯಲ್ಲೇ ನಮ್ಮ ಹೆಸರು, ವಿಳಾಸ, ನಂಬರ್ ಮೂರೂ ಅಚ್ಚಾಗುತ್ತಿದ್ದವು. ಮದುವೆ ಕಾರ್ಡಲ್ಲಿ ನಾವೇ ಹಾಕಿಸಿದ್ದೇವೆ. ಎಕ್ಸಿಬಿಷನ್‌ಗೆ ಹೋದಾಗ ಲಕ್ಕಿ ಡ್ರಾ ಚೀಟಿ ತುಂಬಿ ಡಬ್ಬಿಗೆ ಹಾಕಿ ಬಂದಿರುತ್ತೇವೆ. ಅದಾದ ಮೇಲೇ "ನಿಮಗೆ ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬನ್ನಿ" ಅನ್ನುವ ಕರೆ ಶುರುವಾಗುತ್ತದೆ. ಅಲ್ಲಿ ಹೋದರೆ ಕೂರಿಸಿಕೊಂಡು ಪ್ರವಾಸದ ಮೆಂಬರ್‌ಶಿಪ್ ತಲೆಗೆ ಕಟ್ಟುತ್ತಾರೆ. ಇನ್ನು ಮೇಲಾದರೂ ಆ ಚೀಟಿ ತುಂಬುವುದು ಬಿಡಿ.

ಹೆದರಿಸುವ ಕರೆಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. "ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೀವಿ, ಬಿಲ್ ಬಾಕಿ ಇದೆ" ಅಂದರೆ ಗಾಬರಿ ಬೇಡ. ಹೆಸ್ಕಾಂ ಸಹಾಯವಾಣಿ 1912 ಇದೆ, ಕೇಳಿ ನೋಡಿ, ಇಲ್ಲಾ ಬಿಲ್ ಹಿಡಿದುಕೊಂಡು ಕೌಂಟರಿಗೆ ಹೋಗಿ. "ಎರಡು ತಾಸಲ್ಲಿ ನಿಮ್ಮ ಫೋನ್ ಬಂದ್ ಆಗುತ್ತೆ, 9 ಒತ್ತಿ" ಅಂತ ರೆಕಾರ್ಡ್ ಮಾಡಿದ ದನಿ ಬರುತ್ತದೆ, ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೆಸರು ಹೇಳುತ್ತದೆ. ಟ್ರಾಯ್ ಹಾಗೆ ಯಾರಿಗೂ ಕರೆ ಮಾಡುವುದಿಲ್ಲ. ಯಾವ ಬಟನ್ನೂ ಒತ್ತಬೇಡಿ. ನವೆಂಬರ್ ಬಂತೆಂದರೆ ಜೀವನ ಪ್ರಮಾಣದ, ಅಂದರೆ ಪೆನ್ಷನ್‌ದಾರರು ಬದುಕಿದ್ದೇವೆ ಅಂತ ಕೊಡುವ ಪತ್ರದ ಹೆಸರಲ್ಲಿ ಕರೆ. ಅದು ಬೆರಳಚ್ಚು ಅಥವಾ ಮುಖ ತೋರಿಸಿ ಕೊಡುವುದು, ಇಲ್ಲಾ ಬ್ಯಾಂಕಿಗೆ ಹೋಗಿ ಸಹಿ ಮಾಡುವುದು, ಅಂಚೆಯವರು ಮನೆಗೂ ಬರುತ್ತಾರೆ. ಫೋನಲ್ಲಿ ಮಾತಾಡಿ ಮುಗಿಸುವ ಕೆಲಸ ಅಲ್ಲವೇ ಅಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಪೊಲೀಸ್ ಹೆಸರಿನ ಕರೆ. ನಿಮ್ಮ ಹೆಸರಿನ ಪಾರ್ಸಲಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ಮೇಲೆ ಕೇಸಾಗಿದೆ, ವಾಟ್ಸ್ಯಾಪ್ ವಿಡಿಯೋದಲ್ಲಿ ಬನ್ನಿ, ಯಾರಿಗೂ ಹೇಳಬೇಡಿ, ಕೋಣೆ ಬಿಟ್ಟು ಏಳಬೇಡಿ ಅನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಲ್ಲಿ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೋ ಮಾತಿನಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಜೀವಮಾನವಿಡೀ ಒಂದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ಜನ ನಾವು, ಕೇಸ್ ಅಂದ ಕೂಡಲೇ ಕೈ ನಡುಗುತ್ತದೆ, ಅದು ತಪ್ಪಲ್ಲ. ಆದರೆ "ಯಾರಿಗೂ ಹೇಳಬೇಡಿ" ಅಂತ ಅವನು ಅಂದ ಆ ಹೊತ್ತಿಗೇ ಎದ್ದು ಬಾಗಿಲು ತೆಗೆದು ಪಕ್ಕದ ಮನೆಯವರನ್ನು ಕರೆಯಿರಿ. ಮೊಮ್ಮಗನ ದನಿಯಲ್ಲಿ "ಅಜ್ಜಿ, ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸು" ಅಂತ ಅಳುವ ಕರೆ ಬಂದರೂ ಅಷ್ಟೇ. ದನಿಯನ್ನು ಈಗ ಕಂಪ್ಯೂಟರಲ್ಲೇ ಮಾಡುತ್ತಾರೆ. ಫೋನ್ ಇಟ್ಟು ನಿಮ್ಮ ಮೊಮ್ಮಗನ ನಂಬರಿಗೆ ನೀವೇ ಮಾಡಿ.

ಹಾಗೆ ತಿರುಗಿ ಮಾಡುವಾಗ ಮೊಬೈಲಿಂದ ಮಾಡಿದರೆ ಒಳ್ಳೆಯದು. ಹಳೇ ತಂತಿ ಲೈನಲ್ಲಿ, ಕರೆ ಮಾಡಿದವನು ಫೋನ್ ಇಡದೇ ಇದ್ದರೆ ಕೆಲವೊಮ್ಮೆ ಲೈನ್ ಹಾಗೇ ಹಿಡಿದಿರುತ್ತದೆ. ನೀವು ಬ್ಯಾಂಕಿಗೆ ಹಚ್ಚಿದೆ ಅಂದುಕೊಂಡಿರುತ್ತೀರಿ, ಆ ಕಡೆ ಮತ್ತೆ ಅವನೇ ಇರುತ್ತಾನೆ.

ಫೋನ್ ಇರುವ ಜಾಗದ ಗೋಡೆಗೆ ಒಂದು ರಟ್ಟು ಅಂಟಿಸಿ. ದಪ್ಪ ಸ್ಕೆಚ್ ಪೆನ್ನಲ್ಲಿ, ಕನ್ನಡಕ ಇಲ್ಲದೆ ಕಾಣುವ ಹಾಗೆ ಬರೆಯಿರಿ. ಮಗ, ಮಗಳು, ಪಕ್ಕದ ಮನೆ, ಬ್ಯಾಂಕ್ ಶಾಖೆ, ದುಡ್ಡಿನ ಸೈಬರ್ ಮೋಸದ ದೂರಿಗೆ 1930, ಬೇಡದ ಮಾರಾಟದ ಕರೆಗೆ 1909, ಕರೆಂಟಿಗೆ 1912. ಬ್ಯಾಂಕಿನ ಸಹಾಯವಾಣಿ ನಂಬರನ್ನು ಎಟಿಎಂ ಕಾರ್ಡಿನ ಹಿಂಭಾಗ ನೋಡಿ ಬರೆಯಿರಿ, ಗೂಗಲಲ್ಲಿ ಹುಡುಕಿದ ನಂಬರ್ ಬೇಡ, ಅಲ್ಲೂ ಕಳ್ಳರು ತಮ್ಮದೇ ನಂಬರ್ ಹಾಕಿರುತ್ತಾರೆ. ಮೊಬೈಲ್ ನಂಬರ್‌ಗಳ ಮುಂದೆ ಸೊನ್ನೆ ಸೇರಿಸಿಯೇ ಬರೆಯಿರಿ. 2021ರ ಜನವರಿಯಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಸೊನ್ನೆ ಇಲ್ಲದೆ ಕರೆ ಹೋಗುವುದಿಲ್ಲ, ಗಾಬರಿಯಲ್ಲಿ ಅದು ನೆನಪಾಗುವುದಿಲ್ಲ.

ಬರೀ ಸಾಲ, ಸೈಟು, ವಿಮೆ ಅಂತ ತಲೆ ತಿನ್ನುವವರಿಗೆ 1909 ಇದೆ. ನಿಮ್ಮ ಲ್ಯಾಂಡ್‌ಲೈನಿಂದಲೇ ಆ ನಂಬರಿಗೆ ಕರೆ ಮಾಡಿ ಡಿಎನ್‌ಡಿ, ಅಂದರೆ ಮಾರಾಟದ ಕರೆ ಬೇಡ ಅನ್ನುವ ನೋಂದಣಿ ಮಾಡಿಸಿ. ಆಮೇಲೂ ಬಂದರೆ ನಂಬರ್, ತಾರೀಖು ಬರೆದಿಟ್ಟು ಅಲ್ಲಿಗೇ ದೂರು ಕೊಡಿ, ಟ್ರಾಯ್ ನಿಯಮದ 2025ರ ತಿದ್ದುಪಡಿ ಪ್ರಕಾರ ಏಳು ದಿನದೊಳಗೆ ಕೊಡಬಹುದು. ಇದಕ್ಕೆ ನಂಬರ್ ತೋರಿಸುವ ಡಿಸ್‌ಪ್ಲೇ ಫೋನ್ ಬೇಕು. ಒಂದು ಕೊಂಡುಕೊಳ್ಳಿ, ದಂಡ ಅಲ್ಲ. 140ರಿಂದ ಶುರುವಾದರೆ ಅದು ಮಾರುವವರ ಕರೆ, ಎತ್ತುವುದೇ ಬೇಡ. ಬ್ಯಾಂಕಿನವರ ಸೇವೆಯ ಕರೆಗೆ 1600 ಸರಣಿ ಕೊಟ್ಟಿದ್ದಾರೆ, ಆದರೆ ಯಾವ ನಂಬರಿಂದ ಬಂದರೂ ಓಟಿಪಿ, ಪಿನ್ ಹೇಳುವ ಹಾಗಿಲ್ಲ. ಡಿಎನ್‌ಡಿ ಕಳ್ಳರನ್ನು ತಡೆಯುವುದಿಲ್ಲ, ಕಂಪನಿಗಳನ್ನು ಮಾತ್ರ. ಅದನ್ನು ಮಾಡಿಸಿದ್ದೇನೆ ಅಂತ ಮೈಮರೆಯಬೇಡಿ.

ಅಕಸ್ಮಾತ್ ದುಡ್ಡು ಹೋದರೆ ನಾಚಿಕೆ ಪಟ್ಟು ಮುಚ್ಚಿಡಬೇಡಿ, ಮಕ್ಕಳು ಬೈತಾರೆ ಅಂತ ಸಂಜೆ ತನಕ ಕಾಯಬೇಡಿ. ಆ ಕ್ಷಣವೇ 1930ಕ್ಕೆ ಮಾಡಿ, ಆಮೇಲೆ ಬ್ಯಾಂಕಿಗೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ಮೊದಲೇ ತಡೆಹಿಡಿಯಲು ಆಗುವುದು ಬೇಗ ಹೇಳಿದರೆ ಮಾತ್ರ. ಓಟಿಪಿ ನೀವೇ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕೆಲವು ದಿನ ಬಿಟ್ಟು "ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಫೀ ಕಟ್ಟಿ" ಅಂತ ಇನ್ನೊಂದು ಕರೆ ಬರಬಹುದು. ಅದೂ ಕಳ್ಳರದ್ದೇ, ಅದನ್ನೂ ಇಟ್ಟುಬಿಡಿ.