ಮೊಲ್ಡೆಯ ತೇವಗಾಳಿಯಲ್ಲಿ ಮೃದಂಗದ ಶ್ರುತಿ ಕದಲದೆ ನಿಂತಿತು

ಈ ಜುಲೈನಲ್ಲಿ ನಾರ್ವೆಯ ಮೊಲ್ಡೆ ಜಾಝ್ ಹಬ್ಬದಲ್ಲಿ ಒಂದು ಗಂಟೆ ಹತ್ತು ನಿಮಿಷ ಮೃದಂಗ ನುಡಿಸಿದೆ. ಬಯಲು ವೇದಿಕೆ, ಮೇಲೆ ಬರೀ ಟಾರ್ಪಾಲು, ಹೊರಗೆ ಜಿಟಿಜಿಟಿ ಮಳೆ. ನಡುವೆ ಒಮ್ಮೆಯೂ ಶ್ರುತಿ ಏರಿಸುವ ಸ್ಪ್ಯಾನರ್ ಮುಟ್ಟಲಿಲ್ಲ. "ಬೇಡಪ್ಪಾ, ಆ ಥಂಡಿಗೆ ತೊಗಲು ನಿಲ್ಲೋದಿಲ್ಲ, ಸುಮ್ನೆ ಘಟ ತಗೊಂಡು ಹೋಗು" ಎಂದಿದ್ದರು ನನ್ನ ಮೇಷ್ಟ್ರು. ಬಳಗದವರೂ ಅದನ್ನೇ ಹೇಳಿದ್ದರು. ಮೂರನೇ ವರ್ಷಕ್ಕೆ ಶ್ರುತಿ ಇಳಿಯದೆ ನಿಂತಿತು.

ಮೊಲ್ಡೆ ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ದಂಡೆಯ ಸಣ್ಣ ಊರು. ಗುಲಾಬಿಗೆ ಹೆಸರುವಾಸಿ. ಮೇಲಿನ ಗುಡ್ಡ ಹತ್ತಿದರೆ ಎದುರಿಗೆ ಸಾಲುಸಾಲು ಬೆಟ್ಟ, 222 ಶಿಖರ ಅಂತ ಅಲ್ಲಿಯವರು ಲೆಕ್ಕ ಕೊಡುತ್ತಾರೆ. 1961ರಿಂದ ಅಲ್ಲಿ ಜಾಝ್ ಹಬ್ಬ ನಡೆಯುತ್ತಿದೆ. ಆ ವಾರ ಬೀದಿಬೀದಿಯಲ್ಲೂ ಸಂಗೀತ. ರಾತ್ರಿ ಹತ್ತೂವರೆಗೂ ಬೆಳಕಿರುತ್ತದೆ. ಚಳಿಗಿಂತ ತೇವವೇ ನಮ್ಮ ವಾದ್ಯಕ್ಕೆ ಕಷ್ಟ.

ಮೊದಲ ವರ್ಷ ಎಲ್ಲರೂ ಹೇಳಿದಂತೆಯೇ ಮಾಡಿದೆ. ವಾದ್ಯವನ್ನು ಬೆಚ್ಚಗೆ, ಒಣಗಿದ ಜಾಗದಲ್ಲಿಟ್ಟೆ. ಅಲ್ಲಿ ಬಚ್ಚಲುಮನೆಯ ನೆಲವೇ ಬಿಸಿ ಇರುತ್ತದೆ. ಅದರ ಬಾಗಿಲ ಹತ್ತಿರ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಎರಡು ಕಟ್ಟೆ ಶ್ರುತಿಗೆ, ಅಂದರೆ ಪಾಶ್ಚಾತ್ಯರ ಡಿ ಸ್ವರಕ್ಕೆ, ಸರಿಯಾಗಿ ಕೂಡಿಸಿದೆ. ಗಂಟೆಯ ನಾದ ಬಂತು. ವೇದಿಕೆ ಹತ್ತಿ ಇಪ್ಪತ್ತು ನಿಮಿಷ ಆಗಿರಲಿಲ್ಲ, ಮುಕ್ಕಾಲು ಸ್ವರ ಇಳಿಯಿತು. ಕೀಬೋರ್ಡಿನವನು ತಿರುಗಿ ನನ್ನ ಕಡೆ ನೋಡಿದ. ತೊಗಲ ಬಾರಿನ ಮೃದಂಗ, ಶ್ರುತಿ ಏರಿಸಲು ಹಾಡಿನ ನಡುವೆ ಕಲ್ಲು ಹಿಡಿದು ಹೊಡೆಯುವುದು ಹೇಗೆ? ಉಳಿದ ಹೊತ್ತು ಎಡಮುಖವಾದ ತೊಪ್ಪಿಯಲ್ಲೇ ಕಳೆದೆ.

ಎರಡನೇ ವರ್ಷ ಬಾರಿನ ಬದಲು ಸ್ಪ್ಯಾನರಿನಿಂದ ಬಿಗಿಸುವ ಬೋಲ್ಟ್ ಮೃದಂಗ, ಜೊತೆಗೆ ಹೇರ್ ಡ್ರೈಯರ್. ಹಾಡಿಗೂ ಹಾಡಿಗೂ ನಡುವೆ ಬಿಸಿಗಾಳಿ ಊದಿದೆ. ಮೂರನೇ ಸಲ ಊದುವಾಗ ಕರಣೆಯಲ್ಲಿ, ಅಂದರೆ ಬಲಮುಖದ ಕರಿ ವೃತ್ತದಲ್ಲಿ, ಕೂದಲೆಳೆಯಷ್ಟು ಬಿರುಕು. ಮಾರನೇ ದಿನ ಕಾಳಿನಷ್ಟು ಚೂರು ಎದ್ದು ಬಂತು. ಬೆಂಗಳೂರಿಗೆ ಬಂದು ಬಲಗಡೆಗೆ ಹೊಸ ಮುಚ್ಚಿಗೆ, ಅಂದರೆ ತೊಗಲಿನ ಹೊದಿಕೆ, ಹಾಕಿಸಿದ್ದಕ್ಕೆ ಮೂರು ಸಾವಿರದ ಮೇಲಾಯಿತು. ಅದು ಚಿಕ್ಕ ಲೆಕ್ಕ. ವಿಮಾನದವರು ಬರುವಾಗ ಹೋಗುವಾಗ ಲಗೇಜಿಗೆಂದೇ ಹದಿನೆಂಟು ಸಾವಿರ ಕಿತ್ತರು. ಎರಡು ವರ್ಷಕ್ಕೆ ಸೇರಿ ಒಂದೂವರೆ ಲಕ್ಷ ಕೈಬಿಟ್ಟಿತು. ಮನೆಯಲ್ಲಿ ಇನ್ನು ಸಾಕು ಎಂದರು.

ದಾರಿ ಸಿಕ್ಕಿದ್ದು ಆ ಹಬ್ಬದಲ್ಲೇ. ಅಲ್ಲಿ ಪ್ರತಿವರ್ಷ ಒಬ್ಬ ಕಲಾವಿದರನ್ನು ಆರಿಸಿ, ವಾರದಲ್ಲಿ ಹಲವು ಕಛೇರಿ ಮಾಡಿಸುತ್ತಾರೆ. 2000ದಲ್ಲಿ ಅಮೆರಿಕದ ಪಿಯಾನೊ ವಾದಕ ಚಿಕ್ ಕೊರಿಯಾ ಅವರಿಂದ ಶುರುವಾದ ಪದ್ಧತಿ. ನಾನು ಹೋಗಿದ್ದ ವರ್ಷ ಹಾಗೆ ಬಂದವರ ತಂಡದ ಡಬಲ್ ಬಾಸ್, ಅಂದರೆ ನಿಂತು ನುಡಿಸುವ ದೊಡ್ಡ ತಂತಿವಾದ್ಯ, ಕೇಳಿದೆ. ಸೋಮವಾರ ಅದನ್ನು ನುಡಿಸುವವರೂ ಶ್ರುತಿಗಾಗಿ ವಾದ್ಯದ ಕಿವಿ ತಿರುಚುತ್ತಲೇ ಇದ್ದರು. ಶನಿವಾರ ಕೈ ಹಾಕಲೇ ಇಲ್ಲ. ವಾದ್ಯ ಆ ಊರಿನ ಗಾಳಿಗೆ ಹೊಂದಿಕೊಂಡಿತ್ತು, ಅಷ್ಟೇ. ನಾವು ಮಾತ್ರ ಮೃದಂಗವನ್ನು ಬೆಚ್ಚಗಿನ ಕೋಣೆಯಿಂದ ಎತ್ತಿ ನೇರ ತೇವಕ್ಕೆ ಹಾಕುತ್ತೇವೆ!

ಹಾಗಾಗಿ ಈ ಸಲ ಎರಡು ದಿನ ಮುಂಚೆ ಹೋದೆ. ಓಸ್ಲೋದಿಂದ ವಿಮಾನ ಬಿಟ್ಟು ರೈಲು ಹಿಡಿದೆ. ಡೊಂಬೊಸ್‌ನಲ್ಲಿ ಬದಲಿಸಿ ಓಂಡಾಲ್ಸ್‌ನೆಸ್, ಅಲ್ಲಿಂದ ಬಸ್ಸು. ಮೃದಂಗ ಪೂರ್ತಿ ದಾರಿ ನನ್ನ ಕಾಲ ಹತ್ತಿರವೇ ಇತ್ತು. ಉಳಿದುಕೊಂಡದ್ದು ಗುಡ್ಡದ ಮೇಲಿನ ಮರದ ಮನೆ. ಅದರ ಮುಚ್ಚಿದ ಜಗಲಿಯಲ್ಲಿ ಕುರ್ಚಿ ಹಾಕಿ, ಬರೀ ಹತ್ತಿಬಟ್ಟೆಯ ಕವಚ ಹೊದಿಸಿ ಅಲ್ಲೇ ಇಟ್ಟೆ. ಪ್ಲಾಸ್ಟಿಕ್ ಬೇಡವೇ ಬೇಡ. ಒಳಗೆ ತರಲೇ ಇಲ್ಲ. ಎಂಟುನೂರು ರೂಪಾಯಿಯ ತೇವಮಾಪಕ ಹೊರಗೆ ಶೇಕಡ ಸುಮಾರು 80 ತೋರಿಸುತ್ತಿತ್ತು, ಒಳಗೆ 45ರ ಆಸುಪಾಸು. ವ್ಯತ್ಯಾಸ ನೋಡಿ!

ಮೊದಲ ರಾತ್ರಿ ಅರ್ಧ ಸ್ವರ ಇಳಿಯಿತು. ಏರಿಸಿದೆ. ನಾಲ್ಕು ಗಂಟೆ ಬಿಟ್ಟು ಮತ್ತೆ ಸ್ವಲ್ಪ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಇಳಿಯುವುದು ನಿಂತಿತು. ಒಂದೇ ಸಲಕ್ಕೆ ಪೂರ್ತಿ ಎಳೆಯಬೇಡಿ, ಮುಚ್ಚಿಗೆ ಸೋಲುತ್ತದೆ. ಕೊನೆಯ ಸುತ್ತಿನಲ್ಲಿ ಯಾವ ಬೋಲ್ಟಿಗೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಶಿಷ್ಯರಿಗೆ.

ತೊಪ್ಪಿಯ ನಾದ ತಗ್ಗಿಸಲು ಅದರ ನಡುವೆ ಹಚ್ಚುವ ರವೆಯ ಚಿಂತೆ ಬೇಡ. ಅಲ್ಲಿಯವರು ಗಂಜಿಗೆ ಬಳಸುವ ಸೆಮುಲೆಗ್ರಿನ್ ಅಂದರೆ ನಮ್ಮ ರವೆಯೇ. ಯಾವ ಅಂಗಡಿಯಲ್ಲೂ ಸಿಗುತ್ತದೆ, ಮೂವತ್ತು ಕ್ರೋನರ್ ಇರಬೇಕು. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ನುಣ್ಣಗಿನದ್ದನ್ನು ಮಾತ್ರ ಕಲಸಿದೆ. ಇಲ್ಲಿ ನಿಂಬೆಹಣ್ಣಿನ ಗಾತ್ರ ಹಚ್ಚುತ್ತೇನೆ, ಅಲ್ಲಿ ಅರ್ಧ ಸಾಕಾಯಿತು. ಗಟ್ಟಿಯಾಗಿ ಕಲಸಿ ಹಚ್ಚಿದ್ದು ಕಛೇರಿ ಮುಗಿಯುವವರೆಗೂ ಒಣಗಲಿಲ್ಲ. ಕಲಸುವ ನೀರಿಗೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಮೇಕೆ ತೊಗಲಿನ ಖಂಜಿರವನ್ನೂ, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ದಮ್ಮಡಿಯನ್ನೂ, ಒಯ್ದಿದ್ದೆ. ಇಲ್ಲಿ ನೀರು ಸವರಿ ಸವರಿ ಅದರ ಶ್ರುತಿ ಇಳಿಸುತ್ತೇವಲ್ವಾ, ಅಲ್ಲಿ ಒಂದು ಹನಿಯೂ ಬೇಕಾಗಲಿಲ್ಲ. ಜಗಲಿಯಲ್ಲಿ ಹತ್ತು ನಿಮಿಷ ಇಟ್ಟರೆ ತಾನೇ ಗುಂ ಎನ್ನುತ್ತದೆ. ಆದರೆ ಇಳಿಯುತ್ತಲೇ ಹೋಗುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ಇನ್ನೂ ದಾರಿ ಕಂಡಿಲ್ಲ. ಹಬ್ಬದ ಮೆರವಣಿಗೆಯಲ್ಲಿ ವಾದ್ಯ ಬಿಟ್ಟು ಬರೀ ಕೊನ್ನಕ್ಕೋಲ್, ಅಂದರೆ ಬಾಯಲ್ಲಿ ಲಯದ ಸೊಲ್ಲು, ಹೇಳಿದೆ. ಹಿತ್ತಾಳೆ ವಾದ್ಯಗಳ ನಡೆಗೆ ಆದಿತಾಳದ ಕೊರಪ್ಪು, ಅಂದರೆ ಹಂತಹಂತವಾಗಿ ಕಿರಿದಾಗುತ್ತಾ ಹೋಗುವ ಲಯದ ಸುತ್ತುಗಳು, ಎಷ್ಟು ಚೆನ್ನಾಗಿ ಕೂತಿತು! ನಾಲ್ಕೈದು ಮಕ್ಕಳು "ತಕಧಿಮಿ" ಎನ್ನುತ್ತಾ ಜೊತೆಗೇ ನಡೆದರು. ಬೆಂಗಳೂರಿನ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ, ಗಾಯಕಿ ರಾಮಮಣಿ ದಂಪತಿ ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೊ ಜೊತೆ 80ರ ದಶಕದಲ್ಲೇ ನಮ್ಮ ಲಯವನ್ನು ಜಾಝ್‌ಗೆ ಕೂಡಿಸುವ ಈ ಬಾಗಿಲು ತೆಗೆದವರು. ಅವರ ಧ್ವನಿಮುದ್ರಣ ಕೇಳಿಯೇ ನಾನು ಈ ಕಡೆ ಹೊರಳಿದ್ದು.

ಕಛೇರಿಯ ದಿನ ಎರಡು ಕಟ್ಟೆಗಿಂತ ಕೂದಲಷ್ಟು ಮೇಲೆ ಕೂಡಿಸಿ ಹೊರಟೆ. ವೇದಿಕೆಯ ದೀಪದ ಬಿಸಿ ತಾಗದ ಮೂಲೆಯಲ್ಲಿ ಕೂತೆ. ತನಿ, ಅಂದರೆ ಮೃದಂಗ ಒಂದೇ ನುಡಿಯುವ ಭಾಗ, ಹನ್ನೊಂದು ನಿಮಿಷ. ಕೊನೆಯ ಮುಕ್ತಾಯದಲ್ಲೂ ಬಲಮುಖದ ಚಾಪು ಪೆಟ್ಟು ಖಣ್ಣೆಂದಿತು. ಹಿಂದೆ ತಿರುಗಿ ನೋಡಿದ್ದ ಕೀಬೋರ್ಡಿನವನೇ ಎದ್ದು ಬಂದು ಕೈ ಹಿಡಿದ. ಈ ಸಲ ಖರ್ಚೆಲ್ಲ ಕಳೆದು ಹನ್ನೆರಡು ಸಾವಿರ ಉಳಿಯಿತು.

ಊರಿಗೆ ಬಂದ ರಾತ್ರಿಯೇ ಮೇಷ್ಟ್ರಿಗೆ ಧ್ವನಿಮುದ್ರಣ ಕಳಿಸಿದೆ. ಎರಡು ಸಲ ಕೇಳಿದರಂತೆ. ಬೆಳಿಗ್ಗೆ ಫೋನು ಮಾಡಿ, "ನೀರಿಗೆ ಏನೋ ಬೆರೆಸ್ತೀಯಲ್ಲ, ಏನದು?" ಎಂದು ಕೇಳಿದರು. ಅವರಿಗೆ ಹೇಳಿದೆ.