ಒಡೆಸ್ಸಾ ಮೆಟ್ಟಿಲುಗಳನ್ನು ಟೈಮ್‌ಲೈನಿನಲ್ಲಿ ಬಿಡಿಸುವ ಬಗೆ

ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಅವರ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ (1925) ಮೂಕಿ ಚಿತ್ರದಲ್ಲಿ ಸೈನಿಕರು ಒಡೆಸ್ಸಾ ಊರಿನ ಮೆಟ್ಟಿಲುಗಳ ಮೇಲೆ ಜನರತ್ತ ಗುಂಡು ಹಾರಿಸುವ ದೃಶ್ಯವನ್ನು ಎಡಿಟಿಂಗ್ ಟೈಮ್‌ಲೈನಿನಲ್ಲಿ ಶಾಟ್ ಶಾಟಾಗಿ ಬಿಡಿಸಲು ಕೂತಾಗ ನಾನು ಮೊದಲು ಸದ್ದು ಅಡಗಿಸುತ್ತೇನೆ. ಎಡ್ಮಂಡ್ ಮೈಸೆಲ್ ಸಂಗೀತ ಕೂಡಿಸಿದ್ದು 1926ರಲ್ಲಿ, ಬರ್ಲಿನ್ ಪ್ರದರ್ಶನಕ್ಕೆ. ವಾದ್ಯದ ಏಟು ಕೇಳುತ್ತಿದ್ದರೆ ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ) ಎಲ್ಲಿ ಬಿತ್ತೆಂಬುದನ್ನು ಕಣ್ಣಿಗಿಂತ ಕಿವಿಯೇ ತೀರ್ಮಾನಿಸಿಬಿಡುತ್ತದೆ.

ಎಣಿಕೆ ಕೆಡುವುದು ಫ್ರೇಮುಗಳಲ್ಲಿ. ಸೆಕೆಂಡಿಗೆ 18 ಫ್ರೇಮುಗಳ ವೇಗದ ಮೂಕಿಯನ್ನು 24ರ ಫೈಲಿಗೆ ಇಳಿಸಿದ್ದರೆ ಪ್ರತಿ ಮೂರು ಫ್ರೇಮಿಗೆ ಒಂದು ನಕಲು ಸೇರಿರುತ್ತದೆ. 12 ಎಂದು ಎಣಿಸಿದ ಶಾಟ್ ಅಸಲಿಗೆ 9. ವಿಎಲ್‌ಸಿ ವಿಡಿಯೊ ಪ್ಲೇಯರಿನಲ್ಲಿ ಒಂದೊಂದೇ ಫ್ರೇಮು ಮುಂದೆ ಹೋಗಲು ‘ಇ’ ಕೀ ಒತ್ತುತ್ತಾ ಹೋದರೆ ಒಂದಿಷ್ಟೂ ಅಲುಗದ ಫ್ರೇಮುಗಳು ಸಿಗುತ್ತವೆ, ಅವನ್ನು ಕಳೆಯಬೇಕು. ಸಾಫ್ಟ್‌ವೇರ್ ತಾನಾಗಿ ಕಟ್ ಹುಡುಕಿಕೊಟ್ಟರೂ ಪೂರ್ತಿ ನಂಬುವಂತಿಲ್ಲ. ಹಳೆಯ ಪ್ರಿಂಟಿನ ಗೀರು, ಬೆಳಕಿನ ಮಿಣುಕುಗಳನ್ನು ಕಟ್ ಎಂದುಕೊಳ್ಳುತ್ತದೆ. ‘ಇದ್ದಕ್ಕಿದ್ದಂತೆ’ ಎಂಬ ಶೀರ್ಷಿಕೆಯ ಬೆನ್ನಿಗೇ ಹೆಂಗಸೊಬ್ಬಳ ತಲೆ ಹಿಂದಕ್ಕೆ ಜಗ್ಗುವ ಚೂರು ಶಾಟುಗಳು ಬರುತ್ತವಲ್ಲ, ಅದೇ ಮುಖವಾದ್ದರಿಂದ ಸಾಫ್ಟ್‌ವೇರ್ ಅವನ್ನು ಗುರುತಿಸದೆ ಬಿಟ್ಟುಬಿಡಲೂಬಹುದು. ದೃಶ್ಯದ ಮೊದಲ ಪೆಟ್ಟು ಇರುವುದೇ ಅಲ್ಲಿ.

ಪಟ್ಟಿಗೆ ನಾಲ್ಕು ಕಾಲಂ ಸಾಕು: ಶಾಟ್ ಸಂಖ್ಯೆ, ಅಸಲಿ ಫ್ರೇಮು, ಲಾಂಗೋ (ದೂರದ್ದು) ಕ್ಲೋಸಪ್ಪೋ (ಹತ್ತಿರದ್ದು), ಚಲನೆಯ ದಿಕ್ಕು. ಕೊನೆಯದನ್ನು ಮಾತ್ರ ಸೋಮಾರಿತನವಿಲ್ಲದೆ ತುಂಬಬೇಕು. ಜನ ದಿಕ್ಕಾಪಾಲಾಗಿ ಕೆಳಗೆ, ಸೈನಿಕರ ಬೂಟುಗಳು ಒಂದೇ ಲಯದಲ್ಲಿ ಕೆಳಗೆ. ಮಗನನ್ನು ಎತ್ತಿಕೊಂಡ ತಾಯಿ ಮೇಲಕ್ಕೆ. ಆಕೆಯ ಶಾಟುಗಳನ್ನು ತೆಗೆದು ಓಡಿಸಿ ನೋಡಿ: ಗುಂಡು, ಹೆಣ ಎಲ್ಲ ಇದ್ದೂ ದೃಶ್ಯ ಬರಿಯ ನೂಕುನುಗ್ಗಲಾಗುತ್ತದೆ. ಆಕೆ ಸತ್ತ ಮೇಲೆ ಇಳಿಯುವ ಚಲನೆಯನ್ನು ಕೂಸಿನ ಗಾಡಿ ವಹಿಸಿಕೊಳ್ಳುತ್ತದೆ. ಹೆಜ್ಜೆ ಇದ್ದಲ್ಲಿ ಚಕ್ರ ಬರುತ್ತದೆ.

ಗಾಡಿಯ ಶಾಟುಗಳನ್ನಷ್ಟೇ ಎರಡನೇ ಟ್ರ್ಯಾಕಿನಲ್ಲಿ ಒತ್ತಾಗಿ ಜೋಡಿಸಿದರೆ ಉರುಳಾಟ ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಹಿಗ್ಗಿಸಿರುವುದು ನಡುವಿನ ಮುಖಗಳು. ಈಗ ಅಲ್ಲಿರುವುದು 192 ಮೆಟ್ಟಿಲು, ಸೆಕೆಂಡಿಗೆ ಒಂದರಂತೆ ಇಳಿದರೂ ಮೂರು ನಿಮಿಷ ಚಿಲ್ಲರೆ. ಚಿತ್ರದಲ್ಲಿ ಆ ಇಳಿತ ಮುಗಿಯುವುದೇ ಇಲ್ಲ ಅನ್ನಿಸುತ್ತದೆ.

ಕೊನೆಯ ಕತ್ತಿಯೇಟು ಮೈಗೆ ತಾಗುವುದನ್ನು ಯಾವ ಶಾಟೂ ತೋರಿಸುವುದಿಲ್ಲ. ಕೊಸಾಕ್ (ಕುದುರೆ ಸವಾರ ಸೈನಿಕ) ಬೀಸುತ್ತಾನೆ, ಮತ್ತೆ ಬೀಸುತ್ತಾನೆ. ಆಮೇಲೆ ಹೆಂಗಸೊಬ್ಬಳ ಒಡೆದ ಕನ್ನಡಕ, ರಕ್ತ ಸುರಿಯುವ ಕಣ್ಣು. ಕೊಸಾಕನನ್ನು ತೆಗೆದರೆ ಅದೇ ಗಾಯ ಗುಂಡೇಟಿನಂತೆ ಕಾಣುತ್ತದೆ.

ಬಳಿಕ ಎದ್ದು ನಿಲ್ಲುವ ಕಲ್ಲಿನ ಸಿಂಹ ಒಡೆಸ್ಸಾದ್ದಲ್ಲ, ಕ್ರಿಮಿಯಾದ ಆಲುಪ್ಕಾ ಅರಮನೆಯ ಮೂರು ಪ್ರತಿಮೆಗಳು: ಮಲಗಿದ್ದು, ಎಚ್ಚೆತ್ತಿದ್ದು, ಎದ್ದದ್ದು. ಫ್ರೀಜ್ ಮಾಡಿ ಒಂದೊಂದನ್ನೂ ಎರಡೆರಡು ಸೆಕೆಂಡಿಗೆ ಎಳೆದರೆ ಮೂರೂ ಬೇರೆ ಬೇರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ.